ಮೂತ್ರ ಸೋರಿಕೆ: ವ್ಯಾಯಾಮದ ಸಾಧನ ಕೊಳ್ಳುವ ಮುನ್ನ ತಿಳಿಯಿರಿ



ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ಮೂತ್ರ ಸೋರುವುದು ಹೆರಿಗೆಯಾದ ಅನೇಕ ಹೆಂಗಸರಿಗೆ ಇರುವ ತೊಂದರೆ. ಹಿರಿಯೂರಿನ ಈರುಳ್ಳಿ ಹೊಲದಲ್ಲಿ, ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ದುಡಿಯುವ ಎಷ್ಟೋ ತಾಯಂದಿರು ಇದನ್ನು ಯಾರಿಗೂ ಹೇಳದೆ, ಹಳೆಯ ಸೀರೆಯ ಬಟ್ಟೆ ಇಟ್ಟುಕೊಂಡು ದಿನ ದೂಡುತ್ತಾರೆ. ಮದುವೆ, ಜಾತ್ರೆ, ಬಸ್ಸಿನ ಪ್ರಯಾಣ ಬಿಡುತ್ತಾರೆ. ಹೆಣ್ಣಿನ ದೇಹಧರ್ಮಕ್ಕೆ ಮೈಲಿಗೆ ಹಚ್ಚುವುದನ್ನು 12ನೇ ಶತಮಾನದ ಶರಣರೇ ಒಪ್ಪಲಿಲ್ಲ. ನಾವೇಕೆ ನಾಚಬೇಕು?

ಈಗ ಮೊಬೈಲಿನಲ್ಲಿ ಜಾಹೀರಾತು ನೋಡಿ, "ಸಿಸ್ಟರ್, ಈ ಸಾಧನ ತರಿಸಲೇ?" ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. ಅವರಿಗಾಗಿ ಈ ಪಾಠ.

ತೊಂದರೆ ಏಕೆ ಬರುತ್ತದೆ?

ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳವನ್ನು ಕೆಳಗಿನಿಂದ ಜೋಲಿಯಂತೆ ಹಿಡಿದಿರುವ ಸ್ನಾಯುಗಳಿಗೆ ಶ್ರೋಣಿತಳದ ಸ್ನಾಯುಗಳು ಎನ್ನುತ್ತಾರೆ. ಹೆರಿಗೆ, ಭಾರ ಹೊರುವುದು, ಹಳೆಯ ಕೆಮ್ಮು, ಮಲಬದ್ಧತೆ, ಬೊಜ್ಜು, ಮುಟ್ಟು ನಿಲ್ಲುವ ವಯಸ್ಸು ಇವುಗಳಿಂದ ಜೋಲಿ ಸಡಿಲವಾಗುತ್ತದೆ. ಆಗ ಮೂತ್ರ ಸೋರಬಹುದು, ಗರ್ಭಕೋಶ ಕೆಳಗೆ ಜಾರಬಹುದು.

ಮೊದಲ ಸಾಧನ ನಿಮ್ಮಲ್ಲೇ ಇದೆ

ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ಸ್ನಾಯುಗಳ ವ್ಯಾಯಾಮದ ಬಗ್ಗೆ ಪ್ರಕಟಿಸಿದರು. ಮಾಡುವ ಕ್ರಮ ಹೀಗಿದೆ:

1. ಮೂತ್ರ ಮಾಡಿ ಬಂದು ಮಲಗಿ ಅಥವಾ ಕುಳಿತುಕೊಳ್ಳಿ.
2. ಗಾಳಿ ಹೋಗದಂತೆ ತಡೆಯುವಾಗ ಬಿಗಿಯುವ ಹಾಗೆ ಒಳಕ್ಕೆ, ಮೇಲಕ್ಕೆ ಬಿಗಿಯಿರಿ. ಹೊಟ್ಟೆ, ತೊಡೆ, ಪಿರ್ರೆ ಬಿಗಿಯಬಾರದು. ಉಸಿರು ಕಟ್ಟಬಾರದು.
3. ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ.
4. ಒಂದು ಸಲಕ್ಕೆ 8ರಿಂದ 10 ಬಾರಿಯಂತೆ, ದಿನಕ್ಕೆ 3 ಸಲ ಮಾಡಿ. ಕನಿಷ್ಠ 3 ತಿಂಗಳು ಬಿಡಬಾರದು.
5. ಕೆಮ್ಮುವ ಮೊದಲು, ಕೊಡ ಎತ್ತುವ ಮೊದಲು ಒಮ್ಮೆ ಬಿಗಿಯಿರಿ.

ಮೂತ್ರ ಮಾಡುತ್ತಾ ನಡುವೆ ತಡೆಯುವುದನ್ನು ವ್ಯಾಯಾಮವಾಗಿ ಮಾಡಬೇಡಿ. ಅದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಹೋಗಬಹುದು.

ಯಾವ ಸಾಧನ ಯಾರಿಗೆ?

ಭಾರದ ಕೋನು: ಯೋನಿಯೊಳಗೆ ಇಟ್ಟು ಜಾರದಂತೆ ಹಿಡಿಯುವ ಸಣ್ಣ ತೂಕ. ಸ್ನಾಯು ಬಿಗಿಯಲು ಬರುವವರಿಗೆ ಮಾತ್ರ ಉಪಯೋಗ. ಗರ್ಭಕೋಶ ಜಾರಿದವರಿಗೆ ಹೊಂದುವುದಿಲ್ಲ.

ಬಯೋಫೀಡ್‌ಬ್ಯಾಕ್ ಯಂತ್ರ: ಸರಿಯಾಗಿ ಬಿಗಿಯುತ್ತಿದ್ದೀರಾ ಎಂದು ದೀಪ ಅಥವಾ ಅಂಕಿಯಿಂದ ತೋರಿಸುತ್ತದೆ. ತಾನಾಗಿ ಸ್ನಾಯು ಬಲಪಡಿಸುವುದಿಲ್ಲ. ಬ್ರಿಟನ್ನಿನಲ್ಲಿ 600 ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಲಿಸಿಕೊಟ್ಟ ವ್ಯಾಯಾಮದ ಜೊತೆ ಈ ಯಂತ್ರ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ವಿದ್ಯುತ್ ಪ್ರಚೋದಕ: ಸಣ್ಣ ವಿದ್ಯುತ್ತಿನಿಂದ ಸ್ನಾಯು ಬಿಗಿಯಿಸುತ್ತದೆ. ತಾವಾಗಿ ಬಿಗಿಯಲು ಬಾರದವರಿಗೆ ವೈದ್ಯರು ಹೇಳಿದರೆ ಮಾತ್ರ. ಬಸುರಿಯರು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಬಳಸಬಾರದು.

ತೊಡೆಯ ನಡುವೆ ಒತ್ತುವ ಸ್ಪ್ರಿಂಗ್: ಇದು ಮುಖ್ಯವಾಗಿ ತೊಡೆಯ ಸ್ನಾಯುವಿಗೆ ವ್ಯಾಯಾಮ. ಇದನ್ನು ನಂಬಿ ಹಣ ಕಳೆಯಬೇಡಿ.

ಪೆಸರಿ ಬಳೆ: ಜಾರಿದ ಗರ್ಭಕೋಶಕ್ಕೆ ಆಸರೆ ಕೊಡುವ ಸಿಲಿಕೋನ್ ಬಳೆ. ಸ್ನಾಯು ಬಲಪಡಿಸುವ ಸಾಧನವಲ್ಲ. ವೈದ್ಯರೇ ಅಳತೆ ನೋಡಿ ಹಾಕಬೇಕು, ಹೇಳಿದ ದಿನಕ್ಕೆ ಬಂದು ತೋರಿಸಬೇಕು.

ಕೊಳ್ಳುವುದೇ ಆದರೆ

ಮೊದಲು ಒಳಪರೀಕ್ಷೆ ಮಾಡಿಸಿ, ಸ್ನಾಯು ಸರಿಯಾಗಿ ಬಿಗಿಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ತಪ್ಪಾಗಿ ಕೆಳಕ್ಕೆ ಮುಕ್ಕುವವರು ಎಷ್ಟು ಬೆಲೆಯ ಸಾಧನ ತಂದರೂ ಪ್ರಯೋಜನವಿಲ್ಲ. ವೈದ್ಯಕೀಯ ದರ್ಜೆಯ ಸಿಲಿಕೋನ್‌ನದು, ಅಂಚು ನುಣುಪಾಗಿರುವುದು, ಸುಲಭವಾಗಿ ತೊಳೆಯಲು ಬರುವುದು ಆಗಿರಲಿ. ಬಳಸಿದ ಮೇಲೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿಡಿ. ಒಬ್ಬರದನ್ನು ಇನ್ನೊಬ್ಬರು, ತಾಯಿ ಮಗಳೇ ಆದರೂ, ಬಳಸಬಾರದು. ಮುಟ್ಟಿನ ದಿನಗಳಲ್ಲಿ, ಬಿಳಿ ಸೆರಗಿನಲ್ಲಿ ವಾಸನೆ ಅಥವಾ ತುರಿಕೆ ಇದ್ದಾಗ, ಬಸುರಿಯಲ್ಲಿ, ಹೆರಿಗೆಯಾದ ಮೊದಲ 6 ವಾರ ಒಳಗೆ ಇಡುವ ಸಾಧನ ಬೇಡ.

ತಕ್ಷಣ ತೋರಿಸಬೇಕಾದ್ದು

• ಮೂತ್ರದಲ್ಲಿ ರಕ್ತ, ಅಥವಾ ಉರಿ ಮೂತ್ರದ ಜೊತೆ ಜ್ವರ
• ಮೂತ್ರ ಕಟ್ಟಿಕೊಳ್ಳುವುದು
• ಹಗಲು ರಾತ್ರಿ ಬಿಡದೆ ಸೋರುವುದು
• ಮುಟ್ಟು ನಿಂತ ಮೇಲೆ ರಕ್ತ ಕಾಣುವುದು
• ಕೆಳಗೆ ಗಡ್ಡೆಯಂತೆ ಹೊರಬರುವುದು

ಪದೇ ಪದೇ, ಹೆಚ್ಚು ಮೂತ್ರವಾಗುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ಸೋರಿಕೆಗೆ ಹೆದರಿ ನೀರು ಕುಡಿಯುವುದನ್ನು ಬಿಡಬೇಡಿ. ಸೊಪ್ಪು, ಕಾಳು ತಿಂದು ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. "ಗರ್ಭಕೋಶ ತೆಗೆಸಿಬಿಟ್ಟರೆ ಸೋರುವುದು ನಿಲ್ಲುತ್ತದೆ" ಎಂಬ ಮಾತು ತಪ್ಪು. ಬರೀ ಸೋರಿಕೆಗೆ ಅದು ಚಿಕಿತ್ಸೆಯಲ್ಲ. ಮೂರು ತಿಂಗಳ ವ್ಯಾಯಾಮದಿಂದ ಗುಣ ಕಾಣದಿದ್ದರೆ ಬೇರೆ ಚಿಕಿತ್ಸೆಗಳಿವೆ, ವೈದ್ಯರು ತಿಳಿಸುತ್ತಾರೆ.

ಜೊತೆಗೆ ಬಂದ ಯಜಮಾನರಿಗೆ, ಮಕ್ಕಳಿಗೆ ಒಂದು ಮಾತು: ನೀರಿನ ಕೊಡ, ಸೌದೆ ಹೊರೆ, ಗೊಬ್ಬರದ ಪುಟ್ಟಿ ನೀವು ಎತ್ತಿರಿ. ಆ ತಾಯಿಗೆ ದಿನಕ್ಕೆ ಮೂರು ಸಲ ಐದೈದು ನಿಮಿಷ ಬಿಡುವು ಕೊಡಿ. ಸಾವಿರಾರು ರೂಪಾಯಿಯ ಸಾಧನಕ್ಕಿಂತ ಅದು ದೊಡ್ಡ ಸಹಾಯ.

ವ್ಯಾಯಾಮ ತಿಳಿಯದಿದ್ದರೆ ಹೆರಿಗೆ ವಾರ್ಡಿನ ಸಿಸ್ಟರನ್ನು ಕೇಳಿ. ಮರೆಯಲ್ಲಿ ಕೂರಿಸಿ ಹೇಳಿಕೊಡುತ್ತೇವೆ.