ಆಮೆ ಮಣ್ಣಿಗೆ ಬಾಯಿ ಹಾಕಿತೆಂದು ಮಣ್ಣನ್ನೇ ದೂರಬೇಡಿ

ಪ್ರಶ್ನೆ: ಡಾಕ್ಟರೇ, ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮಗನ ಹಟಕ್ಕೆ ಮಣಿದು ಒಂದು ಹರ್ಮನ್ ಆಮೆ ತಂದುಕೊಂಡೆವು. ಹೆಸರು ಗುಂಡ. ಅಂಗಡಿಯವರು ಹೇಳಿದಂತೆ ಅವನ ಪೆಟ್ಟಿಗೆಗೆ ಅಕ್ರೋಟು ಚಿಪ್ಪಿನ ಪುಡಿ ಹಾಸಿದ್ದೆವು. ಕಳೆದ ತಿಂಗಳು ಗುಂಡ ತಿನ್ನುವುದನ್ನೇ ಬಿಟ್ಟ. ಹಿಂಗಾಲು ಎಳೆಯುತ್ತಿರುವುದನ್ನು ಮೊದಲು ಕಂಡವನು ನನ್ನ ಮಗ. ಆಸ್ಪತ್ರೆಗೆ ಒಯ್ದರೆ ಕರುಳು ಕಟ್ಟಿಕೊಂಡಿದೆ ಎಂದರು. ದ್ರವ ಕೊಟ್ಟು, ಎನಿಮಾ ಕೊಟ್ಟ ಮೇಲೆ ಮಲದ ಜೊತೆ ಆ ಚಿಪ್ಪಿನ ಚೂರುಗಳೇ ಬಂದವು. ಈಗ ಮನೆಯಲ್ಲಿದ್ದಾನೆ, ಹಳೆ ಪೇಪರ್ ಹಾಸಿದ್ದೇನೆ. ಮೊನ್ನೆ ಹಿತ್ತಲಿಗೆ ಬಿಟ್ಟರೆ ಮಣ್ಣಿಗೂ ಬಾಯಿ ಹಾಕಿದ! ಒಬ್ಬರು ಮಣ್ಣು ಹಾಸಿ ಅನ್ನುತ್ತಾರೆ, ಇನ್ನೊಬ್ಬರು ಬೇಡವೇ ಬೇಡ ಅನ್ನುತ್ತಾರೆ. ಹಾಸನದಿಂದ ನಮ್ಮತ್ತೆ ಫೋನ್ ಮಾಡಿದಾಗಲೆಲ್ಲ, ಎರಡು ತೊಟ್ಟು ಹರಳೆಣ್ಣೆ ಕುಡಿಸಮ್ಮ ಅನ್ನುತ್ತಾರೆ. ಚಿಪ್ಪಿನ ಪುಡಿ ಸುರಿದವನು ನಾನೇ ಎಂದು ಮಗ ಅಳುತ್ತಾನೆ. ನಾನು ಏನು ಹಾಸಲಿ?

ಉತ್ತರ: ಮೊದಲು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ, ಇದು ಅವನ ತಪ್ಪಲ್ಲ. ಆಮೆಗೆಂದೇ ಮಾರುವ ಚೀಲವನ್ನು ನಂಬಿ ಸುರಿದ ಮಗು ಅವನು. ಹಿಂಗಾಲಿನ ಎಳೆತವನ್ನು ಮೊದಲು ಕಂಡವನೂ ಅವನೇ ಅಲ್ಲವೇ? ಕರುಳು ಕಟ್ಟಿದ ಆಮೆಯ ಮಟ್ಟಿಗೆ ಬೇಗ ಕಣ್ಣಿಗೆ ಬೀಳುವುದೇ ಅರ್ಧ ಚಿಕಿತ್ಸೆ. ಗುಂಡ ಉಳಿದುಕೊಂಡಿರುವುದರಲ್ಲಿ ಅವನ ಪಾಲು ದೊಡ್ಡದು.

ಆ ಅಕ್ರೋಟು ಚಿಪ್ಪಿನ ಚೀಲ ಮನೆಯಲ್ಲಿ ಇನ್ನೂ ಉಳಿದಿದ್ದರೆ ಇವತ್ತೇ ಹೊರಗೆ ಹಾಕಿ. ಅದರ ಚೂರು ಗಟ್ಟಿ, ಅಂಚು ಚೂಪು, ಆಮೆಯ ಹೊಟ್ಟೆಯಲ್ಲಿ ಕರಗುವ ವಸ್ತುವಲ್ಲ. ಒದ್ದೆ ಸೊಪ್ಪಿಗೆ ಅಂಟಿಕೊಂಡು ತುತ್ತಿನ ಜೊತೆಗೇ ಒಳಗೆ ಹೋಗುತ್ತದೆ. ಜೋಳದ ದಿಂಡಿನ ಚೂರು, ಬೆಕ್ಕಿನ ಮಲಕ್ಕೆಂದು ಮಾರುವ ಹರಳು, ಒತ್ತಿ ಮಾಡಿದ ಮರದ ಗುಳಿಗೆ ಇವು ಇನ್ನೂ ಕೆಟ್ಟವು, ಏಕೆಂದರೆ ತೇವ ತಾಗಿದರೆ ಉಬ್ಬುತ್ತವೆ. ಕ್ಯಾಲ್ಸಿಯಂ ಮರಳು ಎಂಬುದೊಂದಿದೆ. ಹೊಟ್ಟೆಗೆ ಹೋದರೂ ಜೀರ್ಣವಾಗುತ್ತದೆ ಎಂಬ ಭರವಸೆಯ ಮೇಲೆ ಅದನ್ನು ಮಾರುತ್ತಾರೆ. ನಂಬಬೇಡಿ. ಸುಣ್ಣದ ಕೊರತೆಯಿರುವ ಪ್ರಾಣಿ ಅದನ್ನೇ ಹುಡುಕಿ ತಿನ್ನುತ್ತದೆ, ಅದು ಒಳಗೆ ಹೆಪ್ಪುಗಟ್ಟಿ ಕೂರುತ್ತದೆ. ದೇವದಾರು, ಪೈನ್ ಮರದ ಹೆರೆಯೂ ಬೇಡ. ಅದರ ಘಾಟು ಉಸಿರಾಟಕ್ಕೆ ಒಳ್ಳೆಯದಲ್ಲ.

ಹಾಗೆಂದು ಪೇಪರೇ ಕಾಯಂ ಆಗುವುದು ಬೇಡ. ಕಾಯಿಲೆಯ ಆಮೆಗೆ ಕೆಲವು ದಿನ ಪೇಪರ್ ಹಾಸುವುದು ಸರಿ, ಮಲಮೂತ್ರ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅದರ ಮೇಲೆ ಕಾಲು ಜಾರುತ್ತದೆ, ಉಗುರು ಸವೆಯುವುದಿಲ್ಲ, ತೋಡಿಕೊಂಡು ಅಡಗಲು ಏನೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದೀಪದ ಬಿಸಿಗೆ ಪೆಟ್ಟಿಗೆಯೆಲ್ಲ ಒಣಗಿಹೋಗುತ್ತದೆ. ಒಣ ಪೆಟ್ಟಿಗೆಯಲ್ಲಿ ಆಮೆಯ ಮೈಯೂ ಒಣಗುತ್ತದೆ, ಮೈ ಒಣಗಿದ ಆಮೆಯ ಕರುಳಿನಲ್ಲಿ ಮಲವೂ ಗಟ್ಟಿಯಾಗುತ್ತದೆ. ತೊಂದರೆ ಹೊಟ್ಟೆಯೊಂದಕ್ಕೇ ಅಲ್ಲ. ಆಫ್ರಿಕಾದ ಸುಲ್ಕಾಟಾ ಆಮೆಮರಿಗಳನ್ನು ಬೇರೆ ಬೇರೆ ತೇವಾಂಶದಲ್ಲಿ ಬೆಳೆಸಿ ನೋಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಒಣ ಗಾಳಿಯಲ್ಲಿ ಬೆಳೆದ ಮರಿಗಳ ಚಿಪ್ಪೇ ಹೆಚ್ಚು ಗುಡ್ಡಗುಡ್ಡವಾಗಿ ಎದ್ದಿತ್ತು. ಅಲ್ಲಿಯವರೆಗೆ ಎಲ್ಲರೂ ದೂರುತ್ತಿದ್ದ ಪ್ರೋಟೀನಿನ ಪರಿಣಾಮ ಅದರ ಮುಂದೆ ಚಿಕ್ಕದು.

ನೀವು ಹಾಸಬೇಕಾದದ್ದು ಮಣ್ಣನ್ನೇ. ಹರ್ಮನ್ ಆಮೆ ಸ್ಪೇನ್, ಇಟಲಿ, ಬಾಲ್ಕನ್ ಕಡೆಯ ಕುರುಚಲು ಕಾಡಿನ ಪ್ರಾಣಿ, ಮಣ್ಣಿನ ಮೇಲೆ ಓಡಾಡಿಕೊಂಡೇ ಬೆಳೆಯುವಂಥದ್ದು. ಗಿಡದಂಗಡಿಯಲ್ಲಿ ಗೊಬ್ಬರ ಬೆರೆಸದ ಬರೀ ಮೇಲ್ಮಣ್ಣಿನ ಚೀಲ ಸಿಗುತ್ತದೆ. ಕುಂಡಕ್ಕೆ ತುಂಬುವ ಮಿಶ್ರಣವನ್ನು ತರಬೇಡಿ. ಅದರಲ್ಲಿ ಗೊಬ್ಬರವಿರುತ್ತದೆ, ಪರ್ಲೈಟ್ ಎಂಬ ಬಿಳಿ ಗುಂಡುಗಳಿರುತ್ತವೆ. ಆಮೆಗೆ ಬಿಳಿ ಕಂಡರೆ ಬಾಯಿ ಹಾಕುವ ಚಪಲ. ಮೂರು ಪಾಲು ಮೇಲ್ಮಣ್ಣಿಗೆ ಒಂದೂವರೆ ಪಾಲು ಮಕ್ಕಳು ಆಡುವ ತೊಳೆದ ಮರಳು ಬೆರೆಸಿ. ಕಟ್ಟಡದ ಒರಟು ಮರಳು ಬೇಡ. ತೇವ ನಿಲ್ಲದಿದ್ದರೆ ಒಂದಿಷ್ಟು ಕೋಕೋಪೀಟ್ ಸೇರಿಸಬಹುದು. ಆದರೆ ಬರೀ ಕೋಕೋಪೀಟ್ ಅಥವಾ ಬರೀ ಮರಳು ಹಾಸಬಾರದು, ಒಣಗಿದರೆ ಎರಡೂ ಧೂಳಾಗಿ ಕಣ್ಣು ಮೂಗಿಗೆ ಸೇರುತ್ತವೆ. ಗುಂಡ ಚಿಪ್ಪು ಮುಳುಗುವಷ್ಟು ತೋಡಿಕೊಳ್ಳುವ ಹಾಗೆ ದಪ್ಪವಾಗಿ ಹರಡಿ. ಮೇಲೆ ಒಣಗಿರಲಿ, ಕೆಳಗೆ ತಂಪಿರಲಿ. ಒಂದು ಹಿಡಿ ತೆಗೆದು ಅದುಮಿದರೆ ಉಂಡೆಯಾಗಬೇಕು, ನೀರು ಒಸರಬಾರದು, ಬೆರಳು ತಾಗಿಸಿದರೆ ಉದುರಬೇಕು. ಸೊಪ್ಪನ್ನು ಮಾತ್ರ ಮಣ್ಣಿನ ಮೇಲೆ ಎಸೆಯಬೇಡಿ. ಒಂದು ಚಪ್ಪಟೆ ಕಲ್ಲಿನ ಹಲಗೆಯಿಟ್ಟು ಅದರ ಮೇಲೇ ಬಡಿಸಿ. ಈ ಒಂದು ಅಭ್ಯಾಸದಿಂದಲೇ ಬೇಡದ ಮಣ್ಣು ಹೊಟ್ಟೆಗೆ ಹೋಗುವುದು ಬಹಳ ಕಡಿಮೆಯಾಗುತ್ತದೆ.

ಹಿತ್ತಲಲ್ಲಿ ಮಣ್ಣಿಗೆ ಬಾಯಿ ಹಾಕಿದ್ದಕ್ಕೆ ನೀವು ಹೆದರಿದಿರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಮಾತೂ ಅದೇ, ಆದರೆ ಕಾರಣ ಬೇರೆ. ಕಾಡಿನ ಆಮೆಗಳೂ ಮಣ್ಣು ತಿನ್ನುತ್ತವೆ. ಅಮೆರಿಕದ ಮೊಹಾವಿ ಮರುಭೂಮಿಯ ಆಮೆಗಳು ಸುಣ್ಣದಂಶವಿರುವ ಜಾಗವನ್ನು ಹುಡುಕಿಕೊಂಡು ಹೋಗಿ, ಕೆರೆದು ತಿನ್ನುವುದನ್ನು 1982ರಷ್ಟು ಹಿಂದೆಯೇ ಸಂಶೋಧಕರು ದಾಖಲಿಸಿದ್ದಾರೆ. ಆರೋಗ್ಯವಂತ ಆಮೆಯ ಹೊಟ್ಟೆಗೆ ಹೋದ ಅಷ್ಟಿಷ್ಟು ಮಣ್ಣು ಮಲದ ಜೊತೆ ಹೊರಗೆ ಬಂದುಬಿಡುತ್ತದೆ. ಗುಂಡನ ಹೊಟ್ಟೆಯಿಂದ ಚಿಪ್ಪಿನ ಪುಡಿ ಹಾಗೆ ಬರಲಿಲ್ಲವೇಕೆ, ಅಷ್ಟು ತಿನ್ನಬೇಕೆಂದು ಅವನಿಗೆ ಅನಿಸಿದ್ದಾದರೂ ಏಕೆ ಎಂದು ಕೇಳಿಕೊಳ್ಳಬೇಕು. ಹಾಸು ಬದಲಾಯಿಸಿ, ಉಳಿದದ್ದನ್ನೆಲ್ಲ ಹಾಗೆಯೇ ಬಿಟ್ಟರೆ ಮತ್ತೆ ಕಟ್ಟಿಕೊಳ್ಳುವ ಭಯ ಇದ್ದೇ ಇರುತ್ತದೆ.

ಸುಣ್ಣದಂಶದಿಂದ ಶುರು ಮಾಡಿ. ಪೆಟ್ಟಿಗೆಯಲ್ಲಿ ಒಂದು ಕಟಲ್‌ಬೋನ್ (ಕಟಲ್‌ಫಿಶ್‌ನ ಸುಣ್ಣದ ಒಳಚಿಪ್ಪು) ಸದಾ ಇರಲಿ, ಬೇಕಾದಾಗ ಕಚ್ಚಿಕೊಳ್ಳುತ್ತಾನೆ. ಆದರೆ ತಿಂದ ಸುಣ್ಣ ಮೈಗೆ ಹತ್ತಬೇಕಾದರೆ ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಬೆಳಕು ಬೇಕು. ಕಿಟಕಿಯ ಗಾಜು ಅದನ್ನು ತಡೆದುಬಿಡುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಪೆಟ್ಟಿಗೆಯಿಟ್ಟು ಸಾಕೆಂದುಕೊಂಡವರ ಆಮೆಗಳೇ ಮೆತ್ತನೆಯ ಚಿಪ್ಪಿನೊಂದಿಗೆ ಆಸ್ಪತ್ರೆಗೆ ಬರುತ್ತವೆ. ನಿಮ್ಮ ಯುವಿಬಿ ಕೊಳವೆ ಯಾವಾಗ ಹಾಕಿದ್ದೆಂದು ನೋಡಿ. ಬೆಳಕು ಉರಿಯುತ್ತಿದ್ದರೂ ಸುಮಾರು ವರ್ಷದೊಳಗೆ ಅದರ ಸತ್ವ ಇಳಿಯುತ್ತದೆ.

ಬಿಸಿ ಅಷ್ಟೇ ಮುಖ್ಯ. ಆಮೆಗೆ ಸ್ವಂತ ಮೈಬಿಸಿಯಿಲ್ಲ, ಹೊರಗಿನ ಕಾವು ಸಿಕ್ಕಿದರೆ ಮಾತ್ರ ಅದರ ಕರುಳು ಕೆಲಸ ಮಾಡುತ್ತದೆ. ದೀಪದ ಕೆಳಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 20ರ ಆಸುಪಾಸು ಇರಬೇಕು. ಬೇಕಾದ ಕಡೆ ಅವನೇ ಹೋಗಿ ಕೂರುತ್ತಾನೆ. ಕೈಯಿಂದ ಮುಟ್ಟಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ.

ಏನು ತಿನ್ನಿಸುತ್ತೀರೆಂದು ನೀವು ಬರೆದಿಲ್ಲ. ಸೂಪರ್‌ಮಾರ್ಕೆಟ್ಟಿನ ಲೆಟಿಸ್, ಸೌತೆಕಾಯಿ, ಟೊಮೆಟೊ ಆಗಿದ್ದರೆ ಅದರಲ್ಲಿ ನಾರು ತೀರಾ ಕಡಿಮೆ, ಕರುಳನ್ನು ಮುಂದಕ್ಕೆ ದೂಡುವುದೇ ನಾರು. ನಿಮ್ಮೂರಿನ ಹುಲ್ಲುಹಾಸಿನಲ್ಲಿ ಪುಕ್ಕಟೆ ಬೆಳೆಯುವ ಡ್ಯಾಂಡೆಲಿಯನ್, ಕ್ಲೋವರ್, ಸೋ ಥಿಸಲ್ ಎಲೆಗಳು ಗುಂಡನಿಗೆ ಹಬ್ಬದೂಟ. ಔಷಧಿ ಹೊಡೆಯದ, ನಾಯಿಗಳು ಓಡಾಡದ ಜಾಗದಿಂದ ಕಿತ್ತು ತನ್ನಿ.

ಇನ್ನು ಅತ್ತೆಯವರ ಹರಳೆಣ್ಣೆ. ನಮ್ಮ ಮನೆಗಳಲ್ಲಿ ಮಕ್ಕಳ ಹೊಟ್ಟೆ ಕಟ್ಟಿದರೆ ಅಜ್ಜಿಯರ ಕೈ ಮೊದಲು ಹೋಗುತ್ತಿದ್ದದ್ದು ಆ ಸೀಸೆಗೇ, ಆ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆಮೆಗೆ ಬೇಡ. ಬಾಯಿ ಬಿಡಿಸಿ ಎಣ್ಣೆ ಹುಯ್ದರೆ ಶ್ವಾಸಕೋಶಕ್ಕೆ ಇಳಿಯಬಹುದು. ನಿಜವಾಗಿ ಕಟ್ಟಿಕೊಂಡ ಕರುಳಿಗೆ ಭೇದಿ ಮಾಡಿಸಲು ಹೋದರೆ ಅನಾಹುತವೇ ಆದೀತು. ಏನಾದರೂ ಮಾಡಲೇಬೇಕೆಂದು ಅತ್ತೆಯವರಿಗೆ ಅನಿಸಿದರೆ ಉಗುರುಬೆಚ್ಚಗಿನ ನೀರಿನ ಸ್ನಾನದ ವಿಷಯ ಹೇಳಿ. ಗದ್ದದ ಕೆಳಗೆ ನಿಲ್ಲುವಷ್ಟು ನೀರಿನಲ್ಲಿ 15–20 ನಿಮಿಷ ಬಿಟ್ಟರೆ ಆಮೆ ಮನಸಾರೆ ನೀರು ಕುಡಿಯುತ್ತದೆ, ಹಲವು ಸಲ ಅಲ್ಲೇ ಮಲವನ್ನೂ ಹಾಕುತ್ತದೆ. ಚೇತರಿಸಿಕೊಳ್ಳುತ್ತಿರುವ ಗುಂಡನಿಗೆ ಸದ್ಯ ದಿನವೂ ಮಾಡಿಸಿ. ಮುಂದೆ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ನಿಮ್ಮ ಪಶುವೈದ್ಯರು ಹೇಳುತ್ತಾರೆ.

ಸ್ನಾನದ ಹೊತ್ತನ್ನು ಮಗನಿಗೆ ಒಪ್ಪಿಸಿ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ತೂಕ, ತಿಂದದ್ದು, ಮಲ ಹಾಕಿದ್ದು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಮೂತ್ರದ ಜೊತೆ ಬಿಳಿ ಕೆನೆಯಂಥದ್ದು ಬಂದರೆ ಹೆದರಬೇಕಿಲ್ಲ, ಅದು ಸಹಜ. ಅದೇ ಬಿಳುಪು ಮರಳಿನಂತೆ ಗರಗರ ಎಂದರೆ ನೀರು ಸಾಲದು ಎಂದರ್ಥ. ತಿನ್ನದಿರುವುದು, ತಿಣುಕಿದರೂ ಏನೂ ಬಾರದಿರುವುದು, ಹಿಂಗಾಲಿನ ಸೋಲು, ಬಾಲದ ಬುಡದಲ್ಲಿ ಕೆಂಪು ಮಾಂಸ ಹೊರಗೆ ಬರುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತಾ ಕೂರದೆ ಅದೇ ದಿನ ವೈದ್ಯರ ಬಳಿ ಹೋಗಬೇಕು.

ಈ ಅಂಕಣವನ್ನು ಕರ್ನಾಟಕದಲ್ಲಿ ಓದುತ್ತಿರುವವರಿಗೂ ಒಂದು ಮಾತು ಹೇಳಲೇಬೇಕು. ನಮ್ಮ ಬಯಲುಸೀಮೆಯ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಳ್ಳಸಾಗಣೆಯ ಕಾಟಕ್ಕೆ 2019ರಲ್ಲಿ ಅದನ್ನು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಅತಿ ಬಿಗಿಯ ಮೊದಲನೇ ಪಟ್ಟಿಗೂ ಸೇರಿಸಲಾಗಿದೆ. ಯಾರಾದರೂ ತಂದುಕೊಟ್ಟರೆ ಹಾಸು ಹುಡುಕುವುದು ಬೇಡ, ಹೊಲದಲ್ಲಿ ಬಿಟ್ಟುಬಿಡುವುದೂ ಬೇಡ, ಅರಣ್ಯ ಇಲಾಖೆಗೆ ಒಪ್ಪಿಸಿ.

ಮತ್ತೆ ಗುಂಡನ ವಿಷಯಕ್ಕೆ ಬಂದರೆ, ನೀವು ಕೇಳದ, ಆದರೆ ಚಳಿ ಬರುವ ಮುನ್ನ ತೀರ್ಮಾನವಾಗಬೇಕಾದ ಸಂಗತಿ ಒಂದಿದೆ. ಹರ್ಮನ್ ಆಮೆಗಳನ್ನು ಚಳಿಗಾಲದಲ್ಲಿ 5 ಡಿಗ್ರಿಯ ಆಸುಪಾಸಿನಲ್ಲಿ ನಿದ್ದೆಗೆ ಬಿಡುವ ರೂಢಿ ಇಂಗ್ಲೆಂಡಿನಲ್ಲಿದೆ. ಅದಕ್ಕೆ ಮೊದಲು ಕೆಲವು ವಾರ ಆಹಾರ ನಿಲ್ಲಿಸಿ ಕರುಳು ಬರಿದಾಗುವಂತೆ ಮಾಡಬೇಕು. ಒಳಗೆ ಉಳಿದದ್ದು ಆ ಚಳಿಯಲ್ಲಿ ಜೀರ್ಣವಾಗದೆ ಕೊಳೆಯುತ್ತದೆ. ಇತ್ತೀಚೆಗಷ್ಟೇ ಕರುಳು ಕಟ್ಟಿದ್ದ ಗುಂಡನನ್ನು ಈ ವರ್ಷ ಮಲಗಿಸುವುದು ನನಗೆ ಸರಿಕಾಣುವುದಿಲ್ಲ. ಚಳಿಗಾಲವಿಡೀ ದೀಪದ ಕೆಳಗೆ ಎಚ್ಚರವಾಗಿಯೇ ಇರಲಿ. ಸೆಪ್ಟೆಂಬರಿನಲ್ಲಿ ಮಗನ ನೋಟ್‌ಬುಕ್ಕಿನ ಸಮೇತ ನಿಮ್ಮ ಪಶುವೈದ್ಯರಿಗೆ ತೋರಿಸಿ, ಅವರ ಮಾತು ಕೇಳಿಯೇ ತೀರ್ಮಾನಿಸಿ.