ಸರಾಸರಿ ಒಂದೇ, ಓಟ ಬೇರೆ: ವಾಯುಗುಣದ ಒಂದು ಪಾಠ

ತರಗತಿ: 9
ವಿಷಯ: ಸಮಾಜ ವಿಜ್ಞಾನ (ಭೂಗೋಳ)
ಘಟಕ: ಕರ್ನಾಟಕದ ವಾಯುಗುಣ
ಅವಧಿ: ಎರಡು ತರಗತಿಗಳು

ಉದ್ದೇಶ: ಉಷ್ಣಾಂಶ, ಆರ್ದ್ರತೆ, ಎತ್ತರ ಮತ್ತು ಋತುವನ್ನು ಒಟ್ಟಿಗೆ ಗಮನಿಸಿ ಊರುಗಳ ವಾಯುಗುಣವನ್ನು ಹೋಲಿಸುವುದು.

ಪೀಠಿಕೆ: ಮಾಕಳಿಯ ಶಾಲೆಯೊಂದರಲ್ಲಿ ಮಕ್ಕಳು ಕ್ರೀಡಾಕೂಟಕ್ಕಾಗಿ ಬೆಳಿಗ್ಗೆ ಓಟದ ಅಭ್ಯಾಸ ಮಾಡುತ್ತಿದ್ದರು. ಅದನ್ನೇ ಹಿಡಿದು, "ಬೆಂಗಳೂರು, ಮಂಗಳೂರು, ಕಲಬುರಗಿ, ಇವುಗಳಲ್ಲಿ ಓಡಲು ಯಾವ ಊರಿನ ಹವೆ ಒಳ್ಳೆಯದು?" ಎಂದು ಕೇಳಿದೆ.

ಮೊದಲ ತರಗತಿ: ವಾರ್ಷಿಕ ಸರಾಸರಿ ಉಷ್ಣಾಂಶವನ್ನು ಹಲಗೆಯ ಮೇಲೆ ಬರೆದೆ. ಬೆಂಗಳೂರು ಸುಮಾರು 24 ಡಿಗ್ರಿ ಸೆಲ್ಸಿಯಸ್, ಉಳಿದೆರಡೂ ಸುಮಾರು 27. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂದು ವಿವರಿಸಿದೆ. ಬೆಂಗಳೂರಿಗೆ ಮೊದಲ ಸ್ಥಾನ, ಉಳಿದವು ಸಮ ಎಂದು ಮಕ್ಕಳು ತೀರ್ಪು ಕೊಟ್ಟರು. ಆಗ ಕಲಬುರಗಿ ಕಡೆಯಿಂದ ಬಂದ ಹುಡುಗಿಯೊಬ್ಬಳು ಎದ್ದು, "ನಮ್ಮ ಊರಾಗ ಬೆವರು ಹರಿಯಂಗಿಲ್ಲ ಸರ್, ಅಲ್ಲೇ ಒಣಗತದ" ಎಂದಳು. "ಅದನ್ನು ಆಮೇಲೆ ನೋಡೋಣ" ಎಂದು ಪಾಠ ಮುಗಿಸಿದೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ವಾಕ್ಯ: "ಪಾಠ ಅಲ್ಲಿಂದ ಶುರುವಾಗಬೇಕಿತ್ತು."

ಎರಡನೇ ತರಗತಿ: ಅಲ್ಲಿಂದಲೇ ಶುರು ಮಾಡಿದೆ. ಎರಡು ಉಷ್ಣಮಾಪಕಗಳಲ್ಲಿ ಒಂದರ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ನೋಟ್‌ಬುಕ್ಕಿನಿಂದ ಗಾಳಿ ಬೀಸಲು ಹೇಳಿದೆ. ಒದ್ದೆಯದು ಕೆಳಗಿಳಿಯಿತು. ನೀರು ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ. ಬೆವರು ಸುರಿದರೆ ಮೈ ತಣಿಯುವುದಿಲ್ಲ, ಆರಿದರೆ ತಣಿಯುತ್ತದೆ. ಮಂಗಳೂರಿನ ಕಡಲ ಗಾಳಿಯಲ್ಲಿ ತೇವ ಹೆಚ್ಚು, ಅಲ್ಲಿ ಬೆವರು ಬೇಗ ಆರದು. ಕಲಬುರಗಿಯ ಬೇಸಿಗೆಯ ಒಣ ಹವೆಯಲ್ಲಿ ಬೇಗ ಆರುತ್ತದೆ. ಆದ್ದರಿಂದಲೇ ಮೈಯಿಂದ ಎಷ್ಟು ನೀರು ಹೋಯಿತೆಂಬುದು ಓಡುವವನಿಗೆ ತಿಳಿಯುವುದಿಲ್ಲ.

ನಂತರ ತಿಂಗಳುಗಳನ್ನು ನೋಡಿದೆವು. ಮೇ ತಿಂಗಳಲ್ಲಿ ಕಲಬುರಗಿಯ ಮಧ್ಯಾಹ್ನ 40 ಡಿಗ್ರಿ ಮುಟ್ಟುತ್ತದೆ, ಆಗ ಓಟ ಅಪಾಯಕರ. ಆದರೆ ಜನವರಿಯ ನಸುಕಿನಲ್ಲಿ ಅದು ಬೆಂಗಳೂರಿನಷ್ಟೇ ತಂಪು. ಮಂಗಳೂರಿನಲ್ಲಿ ಋತುಗಳ ಏರಿಳಿತ ಕಡಿಮೆ, ಸೆಕೆ ಹೆಚ್ಚು. ಸಮ ಎಂದಿದ್ದ ಎರಡು ಊರುಗಳು ಹೀಗೆ ಬೇರೆಯಾದವು.

ಮೌಲ್ಯಮಾಪನ:
1. ಎರಡು ಊರುಗಳ ವಾರ್ಷಿಕ ಸರಾಸರಿ ಒಂದೇ ಇದ್ದರೂ ವಾಯುಗುಣ ಬೇರೆಯಾಗುವುದು ಹೇಗೆ?
2. 2008ರಲ್ಲಿ ಆರಂಭವಾದ ಬೆಂಗಳೂರಿನ ವಿಶ್ವ 10ಕೆ ಓಟ ಹಲವು ವರ್ಷ ಮೇ ತಿಂಗಳಲ್ಲಿ, 2024ರಲ್ಲಿ ಏಪ್ರಿಲ್ ಕೊನೆಯಲ್ಲಿ ನಡೆಯಿತು. ಇಂಥ ಓಟಗಳನ್ನು ಬೆಳಿಗ್ಗೆಯೇ ಆರಂಭಿಸುವುದೇಕೆ?
3. ನಿಮ್ಮ ಕ್ರೀಡಾಕೂಟಕ್ಕೆ ಯಾವ ತಿಂಗಳು, ಯಾವ ಹೊತ್ತು ಸೂಕ್ತ? ಕಾರಣ ಕೊಡಿ.

ಅವಲೋಕನ: ಈಗ ಮಕ್ಕಳು "ಯಾವ ಊರು?" ಎಂದರೆ "ಯಾವ ತಿಂಗಳು, ಎಷ್ಟು ಹೊತ್ತಿಗೆ ಸರ್?" ಎಂದು ಮರುಪ್ರಶ್ನೆ ಹಾಕುತ್ತಾರೆ. ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಹಲಗೆಯ ಮೇಲಿನ ಅಂಕಿಗೆ ಮಗುವಿನ ಅನುಭವ ಹೊಂದದಿದ್ದರೆ, ಮೊದಲು ಅಂಕಿಯನ್ನೇ ಮತ್ತೊಮ್ಮೆ ಪರಿಶೀಲಿಸಿ. ವಲಸೆ ಬಂದ ಕುಟುಂಬಗಳ ಮಕ್ಕಳಿರುವ ತರಗತಿಯಲ್ಲಿ ಬೇರೆ ಊರುಗಳ ಹವೆಯನ್ನು ಮೈಯಾರೆ ಬಲ್ಲವರು ನಮ್ಮೆದುರೇ ಕುಳಿತಿರುತ್ತಾರೆ.