ಯಂತ್ರದ ಒಡೆತನ ಮತ್ತು ಕೀಲಿಕೈ : ಹಳೆಯ ಲ್ಯಾಪ್‌ಟಾಪಿನ ಆಡಳಿತಾಧಿಕಾರ

ಹೊಲವೊಂದನ್ನು ಕೊಂಡವನು ಹಣ ಎಣಿಸಿಕೊಟ್ಟ ಮಾತ್ರಕ್ಕೆ ಅದರ ಪೂರ್ಣ ಒಡೆಯನಾಗುವುದಿಲ್ಲ. ಖರೀದಿ ಪತ್ರ ನೋಂದಣಿಯಾಗಬೇಕು. ಉತಾರದಲ್ಲಿ ಹಳೆಯ ಹೆಸರು ಹೋಗಿ ಹೊಸ ಹೆಸರು ಏರಬೇಕು. ಹಾವೇರಿ ಜಿಲ್ಲೆಯ ಯಾವ ರೈತನಿಗೂ ಈ ಮಾತು ಹೊಸದಲ್ಲ. ಆದರೆ ಇದೇ ನಿಯಮವು ಲ್ಯಾಪ್‌ಟಾಪಿಗೂ ಅನ್ವಯಿಸುತ್ತದೆಂಬುದು ಅನೇಕ ವಿದ್ಯಾವಂತರ ಗಮನಕ್ಕೂ ಬಂದಿರುವುದಿಲ್ಲ. ಗಣಕಯಂತ್ರದಲ್ಲಿಯೂ 'ಖಾತೆ' ಎಂಬುದೊಂದುಂಟು. ಆ ಖಾತೆ ಬದಲಾಗದಿದ್ದರೆ ಯಂತ್ರವು ಕೊಂಡವನ ಮೇಜಿನ ಮೇಲಿದ್ದರೂ ಹಳೆಯ ಒಡೆಯನ ಆಜ್ಞೆಯನ್ನೇ ಪಾಲಿಸುತ್ತಿರುತ್ತದೆ.

ಬೆಂಗಳೂರಿನ ಕಂಪನಿಗಳು ತಮ್ಮ ನೌಕರರಿಗೆ ಕೊಟ್ಟ ಲ್ಯಾಪ್‌ಟಾಪುಗಳನ್ನು ಕೆಲವು ವರ್ಷಗಳ ಬಳಕೆಯ ನಂತರ ಸಗಟಾಗಿ ವಿಲೇವಾರಿ ಮಾಡುತ್ತವೆ. ಅವು ಸಾದರ ಪತ್ರಪ್ಪ ರಸ್ತೆಯಂಥ ಪೇಟೆಗಳ ಮೂಲಕ ನಾಡಿನ ಇತರ ಊರುಗಳ ಅಂಗಡಿಗಳಿಗೂ ಬರುತ್ತವೆ. ಕೆಲವನ್ನು ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ತಾವು ಕಲಿತ ಶಾಲೆಗೆ ದಾನವಾಗಿ ಕಳುಹಿಸುವುದೂ ಉಂಟು. ಹಂಸಭಾವಿಯಂಥ ಊರಿನ ಶಾಲೆಗೆ ಇಂಥ ಹತ್ತು ಯಂತ್ರಗಳು ಬಂದರೆ ಅದೊಂದು ಪ್ರಯೋಗಶಾಲೆಯೇ ಸರಿ. ಆದರೆ ಶಿಕ್ಷಕರು ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವನ್ನು ಅಳವಡಿಸಹೊರಟಾಗ, ಯಂತ್ರವು 'ಅಡ್ಮಿನಿಸ್ಟ್ರೇಟರ್' ಪಾಸ್‌ವರ್ಡ್ ಕೇಳಿತೆಂದು ಭಾವಿಸಿರಿ. ಅದನ್ನು ಬಲ್ಲವರು ಶಾಲೆಯಲ್ಲಿ ಒಬ್ಬರೂ ಇಲ್ಲವಾದರೆ, ಅಂದೇ ಆ ದಾನವು ಭಾರವಾಗಿ ಪರಿಣಮಿಸುತ್ತದೆ.

ವಿಂಡೋಸ್ ವ್ಯವಸ್ಥೆಯಲ್ಲಿ ಬಳಕೆದಾರರು ಮುಖ್ಯವಾಗಿ ಎರಡು ಬಗೆ. ಸಾಮಾನ್ಯ ಬಳಕೆದಾರನು ಬರೆಯಬಲ್ಲ, ಓದಬಲ್ಲ, ಮುದ್ರಿಸಬಲ್ಲ. ಅಡ್ಮಿನಿಸ್ಟ್ರೇಟರ್, ಅಂದರೆ ಆಡಳಿತಾಧಿಕಾರಿಯು, ಹೊಸ ತಂತ್ರಾಂಶವನ್ನು ಅಳವಡಿಸಬಲ್ಲ, ಇತರರ ಖಾತೆಗಳನ್ನು ತೆರೆಯಬಲ್ಲ, ಮುಚ್ಚಬಲ್ಲ. 'ಸೆಟ್ಟಿಂಗ್ಸ್' ವಿಭಾಗದ 'ಅಕೌಂಟ್ಸ್' ಪುಟವನ್ನು ತೆರೆದರೆ ಅಲ್ಲಿ ಬಳಕೆದಾರನ ಹೆಸರಿನ ಕೆಳಗೆ ಆತನ ದರ್ಜೆ ಕಾಣಿಸುತ್ತದೆ. ಅದೇ ಪುಟದ 'ಆಕ್ಸೆಸ್ ವರ್ಕ್ ಆರ್ ಸ್ಕೂಲ್' ಎಂಬಲ್ಲಿ ಯಾವುದಾದರೂ ಕಂಪನಿಯ ಹೆಸರಿದ್ದರೆ, ಯಂತ್ರವಿನ್ನೂ ಆ ಕಂಪನಿಯ ಹಗ್ಗದಲ್ಲಿದೆಯೆಂದೇ ಅರ್ಥ.

ಅಧಿಕಾರವನ್ನು ಮರಳಿ ಪಡೆಯುವ ಮುನ್ನ ಬಾಗಿಲಿಗೆ ಬಿದ್ದಿರುವ ಕೀಲಿ ಯಾವುದೆಂಬುದನ್ನು ಗುರುತಿಸಬೇಕು. ಕೀಲಿಗಳು ನಾಲ್ಕು ವಿಧ.

ಮೊದಲನೆಯದು, ಹಿಂದಿನ ಬಳಕೆದಾರನ ಖಾತೆ ಹಾಗೆಯೇ ಉಳಿದಿರುವುದು. ಇದು ಅತಿ ಸುಲಭವಾದ ಕೀಲಿ. ಪಾಸ್‌ವರ್ಡನ್ನು ಊಹಿಸುತ್ತ ಕೂಡುವುದಕ್ಕಿಂತ ವಿಂಡೋಸನ್ನೇ ಹೊಸದಾಗಿ ಅಳವಡಿಸುವುದು ಲೇಸು. ಮೈಕ್ರೋಸಾಫ್ಟ್ ಸಂಸ್ಥೆ ಉಚಿತವಾಗಿ ಒದಗಿಸುವ ಸಾಧನದಿಂದ, ಬೇರೊಂದು ಗಣಕಯಂತ್ರದ ನೆರವಿನಿಂದ, ಕನಿಷ್ಠ ೮ ಜಿ.ಬಿ. ಸಾಮರ್ಥ್ಯದ ಪೆನ್‌ಡ್ರೈವ್ ಸಿದ್ಧಪಡಿಸಿಕೊಂಡು ಅದರಿಂದ ಯಂತ್ರವನ್ನು ಆರಂಭಿಸಬೇಕು. ಹಳೆಯ ವಿಭಾಗಗಳನ್ನು ಅಳಿಸಿ ಅಳವಡಿಸಿದರೆ ಹಿಂದಿನ ಖಾತೆಗಳೆಲ್ಲ ಇಲ್ಲವಾಗಿ, ಹೊಸದಾಗಿ ತೆರೆಯುವ ಮೊದಲ ಖಾತೆಯೇ ಆಡಳಿತಾಧಿಕಾರಿಯ ಖಾತೆಯಾಗುತ್ತದೆ. ಯಂತ್ರದೊಡನೆ ಬಂದ ವಿಂಡೋಸ್ ಪರವಾನಗಿಯು ಸಾಮಾನ್ಯವಾಗಿ ಯಂತ್ರದ ಒಳಭಾಗಕ್ಕೇ ಅಂಟಿಕೊಂಡಿರುವುದರಿಂದ, ಅದೇ ಆವೃತ್ತಿಯನ್ನು ಅಳವಡಿಸಿದಾಗ ಮತ್ತೆ ಹಣ ತೆರಬೇಕಾಗುವುದಿಲ್ಲ. ಕಂಪನಿಯು ತನ್ನ ಸಲುವಾಗಿ ಪಡೆದಿದ್ದ 'ಎಂಟರ್‌ಪ್ರೈಸ್' ಪರವಾನಗಿಯಾದರೋ ಯಂತ್ರದೊಡನೆ ಬರುವುದಿಲ್ಲ. ಈ ಕ್ರಮದಿಂದ ಡಿಸ್ಕಿನಲ್ಲಿದ್ದುದೆಲ್ಲ ಅಳಿಯುವುದರಿಂದ ಶಾಲೆಯ ಕಡತಗಳಿದ್ದರೆ ಮೊದಲೇ ನಕಲು ತೆಗೆದಿಡಬೇಕು.

ಎರಡನೆಯದು ಬಿಟ್‌ಲಾಕರ್. ಇದು ಡಿಸ್ಕಿನಲ್ಲಿರುವ ಸಮಸ್ತ ಬರಹವನ್ನೂ ಗೂಢಲಿಪಿಯಾಗಿಸುತ್ತದೆ. ಯಂತ್ರವು ಕೇಳುವ ೪೮ ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯು ಹಿಂದಿನ ಒಡೆಯನ ಮೈಕ್ರೋಸಾಫ್ಟ್ ಖಾತೆಯಲ್ಲಿ ಅಥವಾ ಕಂಪನಿಯ ದಾಖಲೆಯಲ್ಲಿ ಇರಬಹುದು. ಅದಿಲ್ಲದೆ ಒಳಗಿನ ಮಾಹಿತಿ ದೊರೆಯದು. ದೊರೆಯಬಾರದೆಂಬುದೇ ಅದರ ಉದ್ದೇಶ. ಮಾಹಿತಿ ಬೇಡವಾಗಿದ್ದಲ್ಲಿ ಡಿಸ್ಕನ್ನು ಪೂರ್ತಿ ಅಳಿಸಿ ಮೇಲೆ ಹೇಳಿದಂತೆ ಹೊಸದಾಗಿ ಆರಂಭಿಸಬಹುದು.

ಮೂರನೆಯದು ಬಯೋಸ್ ಪಾಸ್‌ವರ್ಡ್. ಇದು ವಿಂಡೋಸಿಗಿಂತಲೂ ಕೆಳಗಿನ ಅಡಿಪಾಯದಲ್ಲಿರುವ ಕೀಲಿ. ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸದಂತೆ ಇದು ತಡೆಯಬಲ್ಲದು. ಒಳಗಿನ ಚಿಕ್ಕ ಬ್ಯಾಟರಿಯನ್ನು ತೆಗೆದರೆ ಈ ಪಾಸ್‌ವರ್ಡ್ ಅಳಿದುಹೋಗುತ್ತದೆಂಬ ನಂಬಿಕೆ ಹಳೆಯ ಮೇಜಿನ ಗಣಕಯಂತ್ರಗಳ ಮಟ್ಟಿಗೆ ನಿಜವಾಗಿತ್ತು. ಕಚೇರಿ ಬಳಕೆಯ ಲ್ಯಾಪ್‌ಟಾಪುಗಳಲ್ಲಿ ಅದು ಬ್ಯಾಟರಿಯ ಹಂಗಿಲ್ಲದ ಚಿಪ್ಪಿನಲ್ಲಿ ಉಳಿಯುವುದರಿಂದ ಆ ಉಪಾಯ ಸಾಮಾನ್ಯವಾಗಿ ಫಲಿಸದು. ತಯಾರಕರಲ್ಲಿ ಕೆಲವರು ಒಡೆತನದ ಪುರಾವೆ ನೋಡಿ ಸಹಾಯ ಮಾಡುತ್ತಾರೆ. ಕೆಲವು ಮಾದರಿಗಳಲ್ಲಿ ಮದರ್‌ಬೋರ್ಡನ್ನೇ ಬದಲಿಸಬೇಕಾಗುತ್ತದೆ. ಆದ ಕಾರಣ ಅಂಗಡಿಯ ರಸೀದಿಯು ಎಸೆಯತಕ್ಕ ಕಾಗದವಲ್ಲ.

ನಾಲ್ಕನೆಯದು ಕಂಪನಿಯ ನೋಂದಣಿ. 'ಆಟೋಪೈಲಟ್' ಎಂಬ ವ್ಯವಸ್ಥೆಯಲ್ಲಿ ಯಂತ್ರದ ಗುರುತು ಕಂಪನಿಯ ಹೆಸರಿನಲ್ಲಿ ಮೈಕ್ರೋಸಾಫ್ಟಿನ ದಾಖಲೆಯಲ್ಲಿರುತ್ತದೆ. ವಿಂಡೋಸನ್ನು ಎಷ್ಟು ಸಲ ಹೊಸದಾಗಿ ಅಳವಡಿಸಿದರೂ, ಆರಂಭದ ಹಂತದಲ್ಲಿ ಅಂತರ್ಜಾಲದ ಸಂಪರ್ಕ ದೊರೆತೊಡನೆ ಯಂತ್ರವು ಕಂಪನಿಯ ಹೆಸರನ್ನು ತೋರಿಸಿ ಅಲ್ಲಿಯ ನೌಕರನ ಇ-ಮೇಲ್ ವಿಳಾಸವನ್ನು ಕೇಳುತ್ತದೆ. ಆಪಲ್ ಸಂಸ್ಥೆಯ ಈಚಿನ ಮ್ಯಾಕ್ ಯಂತ್ರಗಳಲ್ಲಿ 'ಆಕ್ಟಿವೇಶನ್ ಲಾಕ್' ಎಂಬುದು ಇದೇ ಬಗೆಯ ಬಂಧನ. ಇದು ಉತಾರದಲ್ಲಿ ಉಳಿದ ಹಳೆಯ ಹೆಸರಿದ್ದಂತೆ. ಅದನ್ನು ಕ್ರಮಪ್ರಕಾರ ತೆಗೆಯಿಸುವ ದಾರಿ, ಯಂತ್ರದ ಕ್ರಮಸಂಖ್ಯೆ ಹಾಗೂ ಖರೀದಿ ರಸೀದಿಗಳೊಡನೆ ಆ ಕಂಪನಿಗೆ ಬರೆದು ನೋಂದಣಿಯನ್ನು ರದ್ದುಗೊಳಿಸಿಕೊಳ್ಳುವುದೇ ಆಗಿದೆ. ಮಾರಿದ ಅಂಗಡಿಯವನ ಮೂಲಕ ಈ ಕೆಲಸ ಮಾಡಿಸುವುದು ಇನ್ನೂ ಸುಲಭ.

ಇಲ್ಲಿ ಕಾಯದೆಯ ಪ್ರಶ್ನೆಯೂ ಏಳುತ್ತದೆ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯದೆಯ ೪೩ ಮತ್ತು ೬೬ನೆಯ ಕಲಮುಗಳ ಪ್ರಕಾರ, ಒಡೆಯನ ಅನುಮತಿಯಿಲ್ಲದೆ ದುರುದ್ದೇಶದಿಂದ ಗಣಕಯಂತ್ರವನ್ನು ಪ್ರವೇಶಿಸುವುದು ಅಪರಾಧ. ೩ ವರ್ಷಗಳವರೆಗಿನ ಸೆರೆವಾಸ ಅಥವಾ ೫ ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡೂ ಉಂಟು. ಕಳವಿನ ಮಾಲೆಂದು ತಿಳಿದೂ ಯಂತ್ರವನ್ನು ಇಟ್ಟುಕೊಂಡವನಿಗೆ ೬೬-ಬಿ ಕಲಮು ಪ್ರತ್ಯೇಕವಾಗಿದೆ. ಕ್ರಮವಾಗಿ ಕೊಂಡ ಯಂತ್ರದ ಅಧಿಕಾರವನ್ನು ಪಡೆದುಕೊಳ್ಳುವುದು ತಪ್ಪಲ್ಲ. ಆದರೆ ಅದರೊಳಗೆ ಉಳಿದಿರಬಹುದಾದ ಪರರ ಪತ್ರ, ಭಾವಚಿತ್ರ, ಲೆಕ್ಕಪತ್ರಗಳು ಯಂತ್ರದೊಡನೆ ಮಾರಾಟವಾದುವಲ್ಲ; ಅವನ್ನು ನೋಡದೆ ಅಳಿಸುವುದೇ ಸಜ್ಜನಿಕೆ. ಕೀಲಿ ಮುರಿದುಕೊಡುತ್ತೇವೆಂದು ಹೇಳಿ ಹಂಚಲಾಗುವ ಅಪರಿಚಿತ ತಂತ್ರಾಂಶಗಳನ್ನು ದೂರವಿಡಬೇಕು. ಅವುಗಳ ಜೊತೆಗೆ ಕಳ್ಳ ತಂತ್ರಾಂಶಗಳು ಒಳಸೇರಿ ಮಕ್ಕಳ ವಿವರಗಳನ್ನೇ ಕದಿಯಬಹುದು.

ಕೊಳ್ಳುವವರು ಹಣ ಕೊಡುವ ಮುನ್ನವೇ ಅಂಗಡಿಯಲ್ಲಿ ಯಂತ್ರವನ್ನು ಮೊದಲಿನ ಸ್ಥಿತಿಗೆ ತರಿಸಿ, ಅಂತರ್ಜಾಲಕ್ಕೆ ಜೋಡಿಸಿ, ತಮ್ಮ ಹೆಸರಿನ ಖಾತೆ ತೆರೆದು ನೋಡಬೇಕು. ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲ ಮುಗಿದಿರುವುದರಿಂದ, ಯಂತ್ರವು ವಿಂಡೋಸ್ ೧೧ಕ್ಕೆ ಅರ್ಹವೇ ಎಂಬುದನ್ನೂ ಕೇಳಬೇಕು. ಅರ್ಹವಲ್ಲದ ಯಂತ್ರದಲ್ಲಿ ಉಚಿತವಾದ ಲಿನಕ್ಸನ್ನು ಅಳವಡಿಸಿ ಕನ್ನಡದ ಕೆಲಸ ಸಾಗಿಸಬಹುದು.

ದಾನಿಗಳ ಪಾಲಿಗೂ ಒಂದು ಕರ್ತವ್ಯವಿದೆ. ಯಂತ್ರ ಕಳುಹಿಸುವ ಮುನ್ನ ತಮ್ಮ ಖಾತೆಯಿಂದ ಅದನ್ನು ಕಳಚಿ, ಬಯೋಸ್ ಪಾಸ್‌ವರ್ಡ್ ತೆಗೆದು, ಕಂಪನಿಯ ಯಂತ್ರವಾಗಿದ್ದರೆ ಅದರ ತಾಂತ್ರಿಕ ವಿಭಾಗದಿಂದ ನೋಂದಣಿ ರದ್ದುಮಾಡಿಸಿ, ಕ್ರಮಸಂಖ್ಯೆ ನಮೂದಿಸಿದ ದಾನಪತ್ರವನ್ನು ಜೊತೆಗಿಡಬೇಕು. ಅರ್ಧ ತಾಸಿನ ಈ ಶ್ರಮ ಉಳಿದರೆ, ಊರಿನ ಶಿಕ್ಷಕರು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಅಧಿಕಾರ ದೊರೆತ ಮೇಲೆ ಶಾಲೆ ಅದನ್ನು ಮತ್ತೆ ಕಳೆದುಕೊಳ್ಳಬಾರದು. ಮಕ್ಕಳಿಗೂ ದಿನನಿತ್ಯದ ಕೆಲಸಕ್ಕೂ ಸಾಮಾನ್ಯ ಖಾತೆಯೇ ಸಾಕು. ಆಡಳಿತಾಧಿಕಾರದ ಪಾಸ್‌ವರ್ಡನ್ನು ಮುಖ್ಯೋಪಾಧ್ಯಾಯರೂ ಮತ್ತೊಬ್ಬ ಶಿಕ್ಷಕರೂ ಬಲ್ಲವರಾಗಿರಬೇಕು. ಅದನ್ನೂ ಬಿಟ್‌ಲಾಕರ್ ಸಂಖ್ಯೆಯನ್ನೂ ಕಾಗದದಲ್ಲಿ ಬರೆದು, ಲಕೋಟೆಗೆ ಅರಗು ಒತ್ತಿ ತಿಜೋರಿಯಲ್ಲಿಡಬೇಕು. ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಪ್ರತಿ ಯಂತ್ರದ ಕ್ರಮಸಂಖ್ಯೆಯ ಎದುರಿಗೆ ಲಕೋಟೆಯ ಸಂಖ್ಯೆಯನ್ನು ನಮೂದಿಸಬೇಕು. ಮುಖ್ಯೋಪಾಧ್ಯಾಯರು ನಿವೃತ್ತರಾಗಿ ಚಾರ್ಜು ಒಪ್ಪಿಸುವ ದಿನ ಕಪಾಟಿನ ಕೀಲಿಕೈಗಳೊಡನೆ ಈ ಲಕೋಟೆಯೂ ಕೈ ಬದಲಾಗತಕ್ಕದ್ದು. ಇಲ್ಲವಾದರೆ ಇಂದು ಪರಸ್ಥಳದ ಕಂಪನಿಯಿಂದ ಬಿಡಿಸಿಕೊಂಡ ಯಂತ್ರವು ನಾಳೆ ತನ್ನದೇ ಶಾಲೆಯ ಮಕ್ಕಳಿಗೆ ಬಾಗಿಲು ಮುಚ್ಚಿ ನಿಲ್ಲುತ್ತದೆ.